ನಮ್ಮ ಲೈನಿನ ಸಿಐಡಿ 999

ಏಪ್ರಿಲ್ ತಿಂಗಳಲ್ಲಿ ರಾಜ್‌ಕುಮಾರ್ ಪಟಕ್ಕೆ ಎರಡು ಸಲ ಹಾರ ಬೀಳುತ್ತದೆ. 12ನೇ ತಾರೀಕು ಅವರು ತೀರಿಕೊಂಡ ದಿನ, 24 ಹುಟ್ಟಿದ ದಿನ. ಕೊಡಗಿನ ಆಟೋ ಸ್ಟ್ಯಾಂಡುಗಳಲ್ಲೂ ಪಟ ಇಡುತ್ತಾರೆ, ಮೈಕು ಕಟ್ಟುತ್ತಾರೆ, ಅನ್ನ ಹಂಚುತ್ತಾರೆ. ಇಟ್ಟಿರುವ ಪಟ ಯಾವುದು ಅಂತ ನಾನು ನಿಂತು ನೋಡುತ್ತೇನೆ. ಒಂದು ಕಡೆ ಮಯೂರ, ಒಂದು ಕಡೆ ಬಭ್ರುವಾಹನ, ಇನ್ನೊಂದು ಕಡೆ ಬಂಗಾರದ ಮನುಷ್ಯ. ಕೋಟು ತೊಟ್ಟು ಪಿಸ್ತೂಲು ಹಿಡಿದ ಸಿಐಡಿ 999 ಮಾತ್ರ ಕಾಣುವುದಿಲ್ಲ. ಓದಿದವರಿಗೆ ಆ ಪತ್ತೇದಾರಿ ಸಿನಿಮಾಗಳೆಂದರೆ ಸ್ವಲ್ಪ ನಗು. ಇಂಗ್ಲಿಷಿನ ಬಾಂಡನ ಕಾಪಿ ಅನ್ನುತ್ತಾರೆ. ಕಾಪಿಯೇ ಇರಲಿ. ನಾನು ಬೆಳೆದ ಲೈನ್ ಮನೆಯ ಗೋಡೆಗೆ ಗಂಜಿ ಮೆತ್ತಿ ಅಂಟಿಸಿದ್ದ ಒಂದೇ ಒಂದು ಪಟ ಅದು. ದೇವರ ಪಟ ಕೂಡ ಇರಲಿಲ್ಲ. ನಮ್ಮ ಜನ ಆ ಕೋಟಿನವನನ್ನೇ ಯಾಕೆ ಆರಿಸಿಕೊಂಡರು ಅನ್ನುವುದನ್ನು ಹೇಳಬೇಕು.

ಸಿನಿಮಾದ ವಿಷಯ ಮೊದಲು ಮುಗಿಸುತ್ತೇನೆ. 1962ರಲ್ಲಿ ಇಂಗ್ಲಿಷಿನಲ್ಲಿ 'ಡಾಕ್ಟರ್ ನೋ' ಬಂದು ಜೇಮ್ಸ್ ಬಾಂಡನ ಗಾಳಿ ಎದ್ದಿತು. ಆ ಗಾಳಿ ಕನ್ನಡಕ್ಕೆ ಬಂದದ್ದು 1968ರಲ್ಲಿ, ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ'ಯಲ್ಲಿ. ಪತ್ತೇದಾರನ ಹೆಸರು ಪ್ರಕಾಶ್, ನಂಬರು 999. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮಾರನೆ ವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಒಟ್ಟು ನಾಲ್ಕು. ಕೊನೆಯದರಲ್ಲಿ ರಾಜ್‌ಕುಮಾರ್ ಬಾಯಲ್ಲಿ ಒಂದು ಇಂಗ್ಲಿಷ್ ಹಾಡೂ ಇದೆ, ಅವರೇ ಹಾಡಿದ್ದು. ಎಳೆತನದಲ್ಲೇ ಶಾಲೆ ಬಿಟ್ಟು ಅಪ್ಪನ ಹಿಂದೆ ನಾಟಕ ಕಂಪನಿ ಸೇರಿದ ಗಾಜನೂರಿನ ಮುತ್ತುರಾಜ ಅವರು. ಹೆಂಡ ಇಳಿಸುವ ಈಡಿಗರ ಮನೆಯ ಮಗ.

ಇಂಗ್ಲಿಷ್ ಬಾಂಡನೂ ಅಂಥವನೇ. ಕಾದಂಬರಿಯ ಬಾಂಡ್ ದೊಡ್ಡವರ ಮಕ್ಕಳು ಓದುವ ಶಾಲೆಯ ಹುಡುಗ. ತೆರೆಯ ಮೇಲೆ ಅವನಾದ ಶಾನ್ ಕಾನರಿ ಎಡಿನ್‌ಬರೋ ಊರಿನ ಕೂಲಿ ಕೇರಿಯಲ್ಲಿ ಹುಟ್ಟಿ, ಮನೆಮನೆಗೆ ಹಾಲು ಹಾಕಿ, ಶವಪೆಟ್ಟಿಗೆಗೆ ಪಾಲಿಶ್ ಉಜ್ಜಿ ಬೆಳೆದವನು. 2020ರ ಅಕ್ಟೋಬರ್ 31ರಂದು ಆತ ಸತ್ತ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ಲೈನು. ಅಲ್ಲೂ ಇಲ್ಲೂ ದೊಡ್ಡವರ ಕೋಟು ತೊಟ್ಟು ಗೆದ್ದವರು ದುಡಿಯುವವರ ಮನೆಯ ಮಕ್ಕಳೇ.

ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನ ಮಳೆಗೆ ಟೆಂಟು ನಿಲ್ಲುವುದಿಲ್ಲ. ಟೂರಿಂಗ್ ಟಾಕೀಸು ಬರುತ್ತಿದ್ದದ್ದು ಕಾಫಿ ಕುಯ್ಲಿನ ಕಾಲಕ್ಕೆ, ಹೆಂಗಸರ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಇರುವ ಹೊತ್ತಿಗೆ. ಪಟ್ಟಣಗಳಲ್ಲಿ ಓಡಿ ಓಡಿ ಸವೆದ ರೀಲು ನಮ್ಮ ಪಾಲಿಗೆ. 1968ರ 'ಜೇಡರ ಬಲೆ' ನಾನು ನೋಡಿದ್ದು ಹತ್ತು ವರ್ಷ ಕಳೆದ ಮೇಲೆ. ಪರದೆ ತುಂಬ ಗೀರು. ಬೇಸಗೆಯಲ್ಲೂ ರಾಜ್‌ಕುಮಾರ್ ಮಳೆಯಲ್ಲೇ ಓಡಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಕೊಡಗಿನ ಮಕ್ಕಳಾದ ನಮಗೆ ಅದೇನೂ ವಿಶೇಷವಾಗಿ ಕಾಣಲಿಲ್ಲ.

ನಮ್ಮದು ನೆಲದ ಟಿಕೆಟ್ಟು. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನೆಲದ ಮೇಲೆ ಯಾರ್‍ಯಾರು? ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಿಂದ ಮೇಸ್ತ್ರಿಯ ಮುಂಗಡ ಈಸಿಕೊಂಡು ಘಟ್ಟ ಹತ್ತಿದ ನಮ್ಮಂಥ ಹೊಲೆಯರು, ಯರವರು, ಜೇನುಕುರುಬರು, ತಮಿಳು ಕೂಲಿಗಳು, ಮರ ಕೊಯ್ಯಲು ಬಂದ ಮಲೆಯಾಳದವರು. ದಾರಿಯಾಚೆಯ ಹೋಟೆಲಿನಲ್ಲಿ ನಮಗೆ ಬೇರೆ ಲೋಟ. ಟೆಂಟಿನ ಕತ್ತಲಲ್ಲಿ ಮಾತ್ರ ಒಬ್ಬರ ಬೆನ್ನಿಗೆ ಒಬ್ಬರು ಒರಗಿಕೊಂಡು ಕೂರುತ್ತಿದ್ದೆವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತೆಂದು ಪುಸ್ತಕದಲ್ಲಿದೆ. ಲೈನಿನ ಜನರನ್ನು ಕನ್ನಡಕ್ಕೆ ಸೇರಿಸಿದ್ದು ಆ ಟೆಂಟು. ಪಕ್ಕದ ಲೈನಿನ ಯರವರ ಹುಡುಗನೊಬ್ಬನಿಗೆ ಮನೆಮಾತು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಮೂರು ಆಟ ನೋಡಿದ ಮೇಲೆ ಅವನು ಆಡಿನ ಮರಿಗೆ ಕನ್ನಡದಲ್ಲಿ 'ಕೈ ಎತ್ತು' ಅನ್ನುತ್ತಿದ್ದ.

ಈಗ ಭಕ್ತರ ವಿಷಯಕ್ಕೆ ಬರುತ್ತೇನೆ. ರಾಜ್‌ಕುಮಾರ್ ನಾಯಕರಾಗಿ ಮೊದಲು ಬಂದದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ. ಆಮೇಲೆ ಕುರುಬರ ಕನಕದಾಸ, ನೇಕಾರ ಕಬೀರ, ಕುಂಬಾರ ಗೋರ. ದುಡಿಯುವ ಕುಲದವರನ್ನು ಅವರಷ್ಟು ಘನತೆಯಿಂದ ತೆರೆಗೆ ತಂದವರು ಇನ್ನೊಬ್ಬರಿಲ್ಲ. ಆದರೆ ಗಮನಿಸಿ ನೋಡಿ. ಬೇಡ ತನ್ನ ಕಣ್ಣನ್ನೇ ಕಿತ್ತು ಕೊಡಬೇಕು, ಕುಂಬಾರ ಭಕ್ತಿಯ ಮೈಮರೆವಿನಲ್ಲಿ ತನ್ನ ಕೂಸನ್ನೇ ಮಣ್ಣಿನ ಜೊತೆ ತುಳಿದುಬಿಡಬೇಕು. ಆಮೇಲೆ ದೇವರು ಬಂದು 'ಇವನು ನನ್ನವನು' ಅನ್ನಬೇಕು. ಆಗಷ್ಟೇ ಊರಿನವರು ಕೈಮುಗಿಯುತ್ತಾರೆ. ನಮ್ಮಂಥವರು ಮನುಷ್ಯರಾಗಬೇಕಾದರೂ ದೇವರ ಸರ್ಟಿಫಿಕೇಟು ಬೇಕು.

ಸಿಐಡಿ 999ಗೆ ಯಾವ ಸರ್ಟಿಫಿಕೇಟೂ ಬೇಡ. ಅವನು ಯಾರ ಮಗ, ಯಾವ ಕುಲ, ಯಾರೂ ಕೇಳುವುದಿಲ್ಲ. ದೊಡ್ಡ ಬಂಗಲೆಗೆ ಮುಂಬಾಗಿಲಿಂದ ಹೋಗುತ್ತಾನೆ, ಕೂರು ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಬಂಗಲೆಯ ಹಿತ್ತಲಲ್ಲಿ ನಿಂತು 'ಬುದ್ಧೀ' ಅಂತ ಕೂಗಿ ಕಾಯುವವರಿಗೆ ಆ ಕೂರುವಿಕೆ ಏನೆಂದು ಗೊತ್ತು. ಟೆಂಟಿನಲ್ಲಿ ಶಿಳ್ಳೆ ಬೀಳುತ್ತಿದ್ದದ್ದು ಹೊಡೆದಾಟಕ್ಕಿಂತ ಹೆಚ್ಚಾಗಿ ಅಲ್ಲಿ.

ಇನ್ನು ಆ ನಂಬರು. ತೋಟದಲ್ಲಿ ನಮಗೂ ನಂಬರಿತ್ತು, ಚೆಕ್‌ರೋಲಿನ ನಂಬರು. ಬೆಳಿಗ್ಗೆ ರೈಟರು ಕೂಗಿದರೆ ಹಾಜರಿ ಹೇಳಬೇಕು. ಅಪ್ಪನಿಗೆ ಹೆಸರಿತ್ತು ಅನ್ನುವುದು ತೋಟಕ್ಕೆ ಬೇಕಿರಲಿಲ್ಲ. ಅಂಥದ್ದರಲ್ಲಿ ನಂಬರು ಕೇಳಿದರೆ ಕಳ್ಳರು ನಡುಗುವ ಒಬ್ಬ ಮನುಷ್ಯ ಪರದೆ ಮೇಲೆ ಬಂದ.

ಕೋವಿಯ ವಿಷಯ ಹೇಳದೆ ಕೊಡಗಿನ ಕತೆ ಮುಗಿಯುವುದಿಲ್ಲ. ಬ್ರಿಟಿಷರ ಕಾಲದಿಂದ ಇಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೋವಿ ಅವರಿಗೆ ಪೂಜೆಯ ವಸ್ತು, ಅದನ್ನು ನಾನು ಹೀನಾಯ ಮಾಡುತ್ತಿಲ್ಲ. ಭೂಮಿ ಇದ್ದ ಕಡೆ ಕೋವಿ ಇತ್ತು ಅಂತ ಮಾತ್ರ ಹೇಳುತ್ತಿದ್ದೇನೆ. ಲೈನಿನವರು ಕೋವಿಯ ಸದ್ದು ಕೇಳಿದವರೇ ಹೊರತು ಮುಟ್ಟಿದವರಲ್ಲ. ಹೆಂಡ ಇಳಿಸುವವರ ಮನೆಯ ಮಗನ ಕೈಯಲ್ಲಿ ಪಿಸ್ತೂಲು ಕಂಡಾಗ ನಮ್ಮ ಗಂಡಸರ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು.

ನನ್ನ ಚಿಕ್ಕಪ್ಪನ ಬೆನ್ನು ನೆಟ್ಟಗಾದದ್ದು ಬೇರೆ ರೀತಿ. ಮೂರನೇ ಕ್ಲಾಸು ಓದಿದವನು. ಪತ್ತೇದಾರ ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾನೆ ಅನ್ನುವುದು ಅವನ ತಲೆಗೆ ಹೊಕ್ಕಿತು. ಒಂದು ಎಕ್ಸರ್‌ಸೈಜ್ ಪುಸ್ತಕ ತಂದು ನಮ್ಮ ಮನೆಯ ನಾಲ್ಕು ಆಳು ದುಡಿದ ದಿನಗಳನ್ನು ಗೀಟು ಎಳೆದು ಬರೆಯತೊಡಗಿದ. ಒಂದು ಕುಯ್ಲು ಪೂರ್ತಿ ಬರೆದ. ಬಟವಾಡೆ ದಿನ ನೋಡಿದರೆ ಚೆಕ್‌ರೋಲಿನಲ್ಲಿ ಕಡಿಮೆ ದಿನ, ಇವನ ಪುಸ್ತಕದಲ್ಲಿ ಜಾಸ್ತಿ. ಮುಂಗಡದ ಲೆಕ್ಕವನ್ನೂ ಕೂಡಿ ಕಳೆದ. ಸಾಲ ಎಂದೋ ತೀರಿತ್ತು. ನಾವು ತೀರಿದ ಸಾಲಕ್ಕೆ ದುಡಿಯುತ್ತಿದ್ದೆವು.

ಒಗೆದ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಚಿಕ್ಕಪ್ಪ ಬಂಗಲೆಯ ಮುಂದಿನ ಜಗಲಿಗೇ ಹೋದ. ನಾವು ಹುಡುಗರು ಕಾಫಿ ಗಿಡದ ಮರೆಯಲ್ಲಿ.

"ಲೆಕ್ಕ ಯಾವನ್ಲಾ ಕಲಿಸ್ದೋನು ನಿಂಗೆ?" ಅಂದ ರೈಟರು.

"ರಾಜ್‌ಕುಮಾರು ಸೋಮಿ" ಅಂದ ಚಿಕ್ಕಪ್ಪ.

ರೈಟರು ನಕ್ಕ. ಒಳಗಿದ್ದವರು ನಗಲಿಲ್ಲ. ಪುಸ್ತಕ ತೆಗೆದುಕೊಂಡರು, ಹಿಂದಕ್ಕೆ ಕೊಡಲಿಲ್ಲ. ಜೀತ ರದ್ದು ಮಾಡುವ ಕಾನೂನು 1976ರಲ್ಲೇ ಬಂದಿತ್ತು. ಅದು ಕೂಡ ನಮ್ಮ ಪುಸ್ತಕದ ಹಾಗೆ ಎಲ್ಲೋ ಒಳಗೆ ಕೂತಿತ್ತು. ಆ ಜೂನಿನಲ್ಲಿ, ಮಳೆ ಹಿಡಿದ ವಾರ, ಲೈನ್ ಮನೆ ಖಾಲಿ ಮಾಡಿಸಿದರು. ಪಾತ್ರೆ, ಕಂಬಳಿ, ಕೋಳಿ ಹೊತ್ತುಕೊಂಡು ನಡೆದೆವು. ಗೋಡೆಗೆ ಅಂಟಿದ್ದ ಪಟ ಬಿಡಿಸಲು ಬರಲಿಲ್ಲ. ಹೊಸ ತೋಟದಲ್ಲಿ ಚಿಕ್ಕಪ್ಪ ಮೊದಲು ಕೊಂಡದ್ದು ಇನ್ನೊಂದು ಎಕ್ಸರ್‌ಸೈಜ್ ಪುಸ್ತಕ. ಅಲ್ಲಿ ಎಲ್ಲರ ಮನೆಯ ಲೆಕ್ಕವೂ ಅವನ ಹತ್ತಿರ. ಜನ ಅವನನ್ನು ಕರೆಯುತ್ತಿದ್ದದ್ದೇ 'ಸೀಡಿ' ಅಂತ. ಸಿಐಡಿ ಅನ್ನಲು ನಾಲಗೆ ತಿರುಗದ ಮುದುಕಿಯರು ಇಟ್ಟ ಹೆಸರು.

ಇದನ್ನೆಲ್ಲ ಹೇಳಿ ಆ ಸಿನಿಮಾಗಳೇ ಕ್ರಾಂತಿ ಎಂದರೆ ನಮ್ಮವ್ವ ನಗುತ್ತಿದ್ದಳು. "ಅದ್ರಾಗೆ ಹೆಂಗಸ್ರ ಕೆಲ್ಸ ಏನ್ ಮಗಾ? ಒಬ್ಳು ಕುಣೀತಾಳೆ, ಒಬ್ಳು ಸಾಯ್ತಾಳೆ. ದಿನಗೂಲಿಯಾದ್ರೂ ಸರಿಯಾಗಿ ಕೊಟ್ಟಾರಾ?" ಅನ್ನುವಳು. ಅವಳ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಇನ್ನೊಂದು ಮಾತೂ ಇದೆ. 999 ಸರ್ಕಾರದ ಮನುಷ್ಯ. ಅವನು ಹಿಡಿಯುವುದು ವಜ್ರದ ಕಳ್ಳರನ್ನು. ಕೂಲಿಯ ಕಳ್ಳರನ್ನು ಹಿಡಿಯಲು ಅವನನ್ನು ಯಾರೂ ಕಳಿಸಲಿಲ್ಲ. ಸರ್ಕಾರ ಗುಟ್ಟಾಗಿ ನಮ್ಮ ಪರವಾಗಿ ಒಬ್ಬನನ್ನು ಇಟ್ಟಿದೆ, ಒಂದು ದಿನ ಅವನು ಬಂದೇ ಬರುತ್ತಾನೆ ಅನ್ನುವ ಆಸೆಯನ್ನೂ ಆ ಸಿನಿಮಾ ನಮಗೆ ಕೊಟ್ಟಿತು. ಸರ್ಕಾರ ಹೇಗೆ ಬರುತ್ತದೆ ಅನ್ನುವುದನ್ನು 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಕಂಡೆವು. ಲೈನ್ ಮನೆಯ ಬದುಕು ಸಾಕೆಂದು ಬಂದು ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಿಹಾಕಿದರು. ಅಲ್ಲಿಗೆ ಯಾವ 999 ಕೂಡ ಬರಲಿಲ್ಲ. ಆಮೇಲೆ ನಿವೇಶನ, ಮನೆ ಅಂತ ಏನು ಸಿಕ್ಕಿತೋ ಅದು ಬಯಲಲ್ಲಿ ಕೂತು ಹೋರಾಡಿದ ಹೆಂಗಸರಿಂದ, ಜೊತೆಗೆ ನಿಂತ ಸಂಗಾತಿಗಳಿಂದ ಸಿಕ್ಕಿತು.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಿದರು. ಕಣ್ಣಪ್ಪನ ಕಣ್ಣು ಕಲ್ಲಿಗೆ ಹೋಗಿತ್ತು, ಇವರ ಕಣ್ಣು ಮನುಷ್ಯರಿಗೆ ಹೋಯಿತು. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಎರಡು ದಿನ ಬೆಂಗಳೂರು ಉರಿಯಿತು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಅಭಿಮಾನಿಗಳೂ ಇದ್ದರು, ಒಬ್ಬ ಪೊಲೀಸಿನವನೂ ಇದ್ದ. ಪೆಟ್ಟು ತಿಂದವರು ಕುರ್ಚಿಯ ಟಿಕೆಟ್ಟಿನವರಲ್ಲ. ಬದುಕಿದ್ದಾಗ ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೇ ಅಂತ ಕರೆಯುತ್ತಿದ್ದರು. ಗುಡಿಯೊಳಗೆ ಬಿಟ್ಟುಕೊಳ್ಳದ ಜನರನ್ನು ದೇವರು ಎಂದ ಆ ಬಾಯಿಗೆ ಶರಣು. ಆ ದೇವರುಗಳ ಕೂಲಿ, ಸೂರು, ಮಕ್ಕಳ ಓದು ಏನಾಯಿತೆಂದು ಕೇಳುವ ಕೆಲಸ ಪಟಕ್ಕೆ ಹಾರ ಹಾಕುವ ಸಂಘಗಳಿಗೆ ಸೇರಿದ್ದು, ನಮಗೂ ಸೇರಿದ್ದು.

ಈಗ ಕೊಡಗಿನ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಗಳಿದ್ದಾರೆ. ಟೆಂಟು ಇಲ್ಲ, ಅಂಗೈಯಲ್ಲೇ ಸಿನಿಮಾ. ಅವರ ಹೀರೋ ಯಾರೋ, ಅವರ ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆಯೋ. ತೋಟದ ಪಕ್ಕದ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಬರುವ ಏಪ್ರಿಲಿನಲ್ಲಿ ರಾಜ್‌ಕುಮಾರ್ ಬಗ್ಗೆ ಮಕ್ಕಳಿಗೆ ಹೇಳುವಾಗ ಮಯೂರನ ಜೊತೆ 999ನ ಕತೆಯನ್ನೂ ಹೇಳಿ. ಹೇಳಿ ಮುಗಿದ ಮೇಲೆ ಒಂದೊಂದು ಎಕ್ಸರ್‌ಸೈಜ್ ಪುಸ್ತಕ ಕೊಟ್ಟು, ಅಪ್ಪ ಅವ್ವ ದುಡಿದ ದಿನಗಳಿಗೆ ಒಂದೊಂದು ಗೀಟು ಎಳೆಯಲು ಕಲಿಸಿ.