ಮೈಯೊಳಗಿನ ಆಯಗಾರರು

‘ಬಿಳಿಯ ರಕ್ತಕಣಗಳು ರೋಗದೊಡನೆ ಹೋರಾಡುತ್ತವೆ’ ಎಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಬಹುಮಂದಿಯ ಜ್ಞಾನ ಅಲ್ಲಿಗೇ ಮುಗಿಯುತ್ತದೆ. ಕಲಾಶಾಖೆಯವನಾದ ನನಗೆ ಮುಂದಿನ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಕಾರಣ ದೂರದ್ದಲ್ಲ. ಹಾನಗಲ್ಲಿನಿಂದ ಆನವಟ್ಟಿಯ ದಾರಿ ಹಿಡಿದರೆ ಸೊರಬದ ಸೀಮೆ. ಆ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದವು. ಸೌದೆ ಸೊಪ್ಪಿಗೆಂದು ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಮಲೆನಾಡಿಗರು ಉಣುಗು ಎನ್ನುವ ಉಣ್ಣಿಯೇ ಅದನ್ನು ಹರಡುವುದೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಹಿಡಿದರು. ಆ ವೈರಸ್ಸಿಗೆ ಜಗತ್ತಿನ ಪುಸ್ತಕಗಳಲ್ಲೆಲ್ಲ ನಮ್ಮ ನೆರೆಯ ಕಾಡಿನ ಹೆಸರೇ ನಿಂತಿದೆ.

ಅಂಥ ವೈರಸ್ಸು ಮೈಹೊಕ್ಕಾಗ ಒಳಗೆ ನಡೆಯುವುದೇನು? ನಾನು ಓದಿದ್ದನ್ನು ಅಜ್ಜನ ಮುಂದೆ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, “ಹಾಂಗಂದ್ರ ಮೈಯಾಗೂ ಆಯಗಾರರು ಅದಾರನ್ನು!” ಎಂದ. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಯಾವ ಗ್ರಂಥದಲ್ಲಿಯೂ ಸಿಕ್ಕಿಲ್ಲ. ಊರಿಗೆ ತಳವಾರ ಬೇಕು, ಬಡಿಗ ಬೇಕು, ಕಂಬಾರನೂ ಬೇಕು. ಒಬ್ಬನ ಕೆಲಸ ಮತ್ತೊಬ್ಬನಿಂದಾಗದು. ಮೈಯೊಳಗೂ ಹಾಗೆಯೇ. ವೈರಸ್ಸನ್ನು ನುಂಗುವ ಕೋಶಗಳು ಮೊದಲು ಎಚ್ಚರಗೊಂಡು ಸುದ್ದಿ ಮುಟ್ಟಿಸುತ್ತವೆ. ‘ಬಿ’ ಕೋಶಗಳ ಸಂತತಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ರಕ್ತದಲ್ಲಿ ತೇಲುವ ವೈರಸ್ಸನ್ನು ಹಿಡಿಯುತ್ತವೆ. ಆದರೆ ಒಮ್ಮೆ ಅದು ನಮ್ಮ ಕೋಶದೊಳಗೆ ಅಡಗಿತೋ, ಪ್ರತಿಕಾಯಗಳ ಕೈ ಅಲ್ಲಿಗೆ ನಿಲುಕುವುದು ಕಷ್ಟ. ಆಗ ಸಿಡಿ 8 ಎಂಬ ‘ಟಿ’ ಕೋಶಗಳು ಬಂದು, ಕಳ್ಳನಿಗೆ ಆಶ್ರಯವಾದ ಆ ಮನೆಯನ್ನೇ ಕೆಡವುತ್ತವೆ. ಸಿಡಿ 4 ಎಂಬ ಸಹಾಯಕ ಕೋಶಗಳು ಇಬ್ಬರನ್ನೂ ಹುರಿದುಂಬಿಸುತ್ತವೆ.

ಇದಕ್ಕಿಂತ ಸೋಜಿಗದ ಸಂಗತಿ ಬೇರೆ ಇದೆ. ಒಂದೇ ವೈರಸ್ಸಿನ ಒಂದೇ ಗುರುತನ್ನು ಹಿಡಿಯುವ ‘ಟಿ’ ಕೋಶಗಳಲ್ಲಿಯೂ ಎಲ್ಲದರ ಕಸುಬು ಒಂದೇ ಅಲ್ಲ. ಕೆಲವು ಕೊಲ್ಲುತ್ತವೆ; ಕೆಲವು ಇಂಟರ್‌ಫೆರಾನ್ ಮುಂತಾದ ದ್ರವ್ಯಗಳನ್ನು ಸೂಸುತ್ತವೆ; ಕೆಲವು ಎರಡನ್ನೂ ಮಾಡುತ್ತವೆ. ಹೆಚ್ಚಿನವು ಜಗಳ ಮುಗಿದೊಡನೆ ಸಾಯುತ್ತವೆ. ಉಳಿದವು ನೆನಪನ್ನು ಹೊತ್ತು ವರ್ಷಗಟ್ಟಲೆ ಕಾಯುತ್ತವೆ. ಜಗಳ ಮಿತಿಮೀರಿ ಮನೆಯೇ ಹಾಳಾಗದಂತೆ ತಡೆಯುವ ಪಂಚರಂಥ ಕೋಶಗಳೂ ಉಂಟು. ಆದುದರಿಂದ ಎಷ್ಟು ಕೋಶಗಳಿವೆ ಎಂದು ಎಣಿಸಿದರೆ ಸಾಲದು. ಯಾವುದು ಏನು ಮಾಡಬಲ್ಲುದೆಂದು ತಿಳಿಯಬೇಕು.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಕಾಡಂಚಿನ ಊರುಗಳಲ್ಲಿ ಬಹುಕಾಲ ಹಾಕುತ್ತಿದ್ದ ಲಸಿಕೆ, ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನದು. 2005ರಿಂದ 2010ರವರೆಗಿನ ಲೆಕ್ಕದಂತೆ ಎರಡು ಸಲ ಚುಚ್ಚಿಸಿಕೊಂಡವರಿಗೆ ಅದು ಶೇಕಡಾ 62ರಷ್ಟು, ಮೂರನೆಯದನ್ನೂ ಪಡೆದವರಿಗೆ 83ರಷ್ಟು ರಕ್ಷಣೆ ಕೊಟ್ಟಿತು. ಅದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿತ್ತು. ಸತ್ತ ವೈರಸ್ಸು ಸಾಮಾನ್ಯವಾಗಿ ಪ್ರತಿಕಾಯಗಳನ್ನು ಎಬ್ಬಿಸಿದಷ್ಟು ಸಿಡಿ 8 ಕೋಶಗಳನ್ನು ಎಬ್ಬಿಸುವುದಿಲ್ಲ. ಆ ಲಸಿಕೆಯ ಬಳಕೆ ಈಗ ನಿಂತಿದೆ. ಹೊಸದಕ್ಕೆ ಪ್ರಯತ್ನ ನಡೆದಿದೆ. 2020ರಲ್ಲಿ ಮಣಿಪಾಲದ ಸಂಶೋಧಕರು ಈ ರೋಗಿಗಳ ರಕ್ತದಲ್ಲಿ ‘ಬಿ’ ಮತ್ತು ‘ಟಿ’ ಕೋಶಗಳು ದಿನದಿನಕ್ಕೆ ಹೇಗೆ ವರ್ತಿಸುತ್ತವೆಂಬುದನ್ನು ಪ್ರಕಟಿಸಿದರು. ಅಂಥ ತಿಳಿವಳಿಕೆಯೇ ಮುಂದಿನ ಲಸಿಕೆಗೆ ಬುನಾದಿ.

ಹಿರೇಕೆರೂರು, ಶಿಗ್ಗಾಂವಿ, ಸವಣೂರುಗಳಿಂದ ಬರುವ ಬಯಲುಸೀಮೆಯ ಗೆಳೆಯರಿಗೆ ಮಂಗನ ಕಾಯಿಲೆ ಮಲೆನಾಡಿನವರ ಪಾಡೆನಿಸಬಹುದು. ಆದರೆ ಕಾಡಿಗೆ ಹೋಗದೆ ಒಲೆ ಉರಿಯದ ಮನೆಗಳು ನಮ್ಮ ನೆರೆಯಲ್ಲೇ ಇವೆ. ಅವರ ಮೈಯೊಳಗಿನ ಆಯಗಾರರೆಲ್ಲರನ್ನೂ ಸಕಾಲಕ್ಕೆ ಎಬ್ಬಿಸುವ ಲಸಿಕೆಯೊಂದು ಬೇಗ ಬರಲಿ. ಅಲ್ಲಿಯವರೆಗೆ, ಕಾಡಿನಲ್ಲಿ ಮಂಗ ಸತ್ತ ಸುದ್ದಿ ಕೇಳಿದರೆ ಆ ಕಡೆ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸುವುದಕ್ಕೆ ಯಾವ ಶಾಖೆಯ ವಿದ್ಯೆಯೂ ಅಡ್ಡಿಯಲ್ಲ.