ಅಜ್ಜನ ದೋಣಿಗೆ ಎಷ್ಟು ಕುದುರೆ?

ಮರದ ದೋಣಿ ಲಡ್ಡಾಗುವುದು ಸಮುದ್ರದ ನೀರಿನಿಂದಲ್ಲ, ಮಳೆನೀರಿನಿಂದ. ಘಟ್ಟದ ಮೇಲಿನ ನನ್ನ ಸಹೋದ್ಯೋಗಿಗಳು ಇದನ್ನು ನಂಬುವುದೇ ಇಲ್ಲ. ಉಪ್ಪಿದ್ದಲ್ಲಿ ಮರ ತಿನ್ನುವ ಬೂಷ್ಟಿಗೆ ಕಷ್ಟ; ಮಗುಚಿ ಹಾಕದೆ ಬಿಟ್ಟ ದೋಣಿಯಲ್ಲಿ ಸಿಹಿನೀರು ನಿಂತರೆ ಅದಕ್ಕೆ ಹಬ್ಬ. ಗಂಗೊಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಮಾಡಿಸಿದ್ದ ದೋಣಿಗೂ ಅದೇ ಗತಿಯಾಗಿತ್ತು. ಮಾವ ತೀರಿಕೊಂಡ ಮೇಲೆ ತೆಂಗಿನ ಬುಡದಲ್ಲಿ ಬಾಯಿ ತೆರೆದು ಬಿದ್ದಿತ್ತು, ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ತಂಗಿಯ ಮಗ ದುಬೈ ಕೆಲಸ ಬಿಟ್ಟು ಬಂದವನು, “ಮಾವ, ಇದಕ್ಕೊಂದ್ ಎಂಜಿನ್ ಕಟ್ರೆ ಬಂಗುಡೆಗೆ ಹೋಯ್ಲಕ್ಕ್” ಎಂದ. ಕೋಳಿಗಳಷ್ಟೇ ಗಾಬರಿ ನನಗೂ ಆಯಿತು. ದುಡ್ಡು ಹಾಕಬೇಕಾದವನು ನಾನು.

ದೋಣಿಯ ಆಚಾರ್ರು ಬಂದು ಉಳಿಯ ಹಿಡಿಯಿಂದ ಹಲಗೆಗಳನ್ನು ಬಡಿಯುತ್ತ ಸುತ್ತು ಬಂದರು. ಗಟ್ಟಿ ಇದ್ದಲ್ಲಿ ‘ಟಣ್’, ಹೋದಲ್ಲಿ ‘ಡೊಬ್’. ಡೊಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗೀಟು. ಅಡಿಯಲ್ಲಿ, ಹಿಂದಿನ ಮೂತಿಯ ಹತ್ತಿರ, ಗೀಟುಗಳು ದಟ್ಟವಾಗಿದ್ದವು. ಉಳಿದ ಹೆಬ್ಬಲಸು ಇನ್ನೂ ಒಂದು ತಲೆಮಾರಿಗೆ ಸಾಕು ಎಂದರು. ಕೆಟ್ಟಷ್ಟೇ ಕಿತ್ತು ಹೊಸ ಹಲಗೆ ಕೂರಿಸಿ, ಸಂದಿಗೆ ಹತ್ತಿನೂಲು ತುರುಕಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತಿದರು. ಮೇಲಿಂದ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗೆ ತಾಗಿದರೆ ಬೊಬ್ಬೆ ಏಳುವಷ್ಟು ಖಾರ, ಆದರೆ ಗೇರುಬೀಜದ ಕಾರ್ಖಾನೆಗಳಿರುವ ನಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ.

ಅಜ್ಜ ಬಳಿಯುತ್ತಿದ್ದದ್ದು ಬೈಗೆ ಮೀನಿನ ಎಣ್ಣೆ. ಆ ವಾಸನೆಗೆ ನೆಂಟರು ಜಗಲಿಯಿಂದಾಚೆಗೇ ಕುಳಿತು ಮಾತಾಡಿ ಹೋಗುತ್ತಿದ್ದರಂತೆ. 13ನೇ ಶತಮಾನದಲ್ಲಿ ಹೊರ್ಮುಜ್ ಬಂದರಿಗೆ ಬಂದ ಮಾರ್ಕೊ ಪೋಲೊ, ಮೊಳೆಯಿಲ್ಲದೆ ತೆಂಗಿನ ನಾರಿನಿಂದ ಹೊಲಿದು ಮೀನೆಣ್ಣೆ ಬಳಿದ ಹಡಗುಗಳನ್ನು ಕಂಡು, ಅಂಥದರಲ್ಲಿ ಸಮುದ್ರಕ್ಕಿಳಿಯುವುದು ಅಪಾಯ ಎಂದು ಹೇಳಿದ್ದಾನೆ. ಅವನ ಹೆದರಿಕೆ ಅವನಿಗಿರಲಿ. ಅಜಂತಾದ 5ನೇ ಶತಮಾನದ ಚಿತ್ರ ನೋಡಿ ಹಾಗೆಯೇ ಹೊಲಿದು ಕಟ್ಟಿದ ಹಡಗು ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿಯೇ ನೌಕಾಪಡೆ ಸೇರಿತು.

ಮರದ ಕೆಲಸ ಮುಗಿದ ಮೇಲೆ ನಿಜವಾದ ಪಂಚಾಯಿತಿ ಶುರುವಾಯಿತು. ಹುಟ್ಟು ಹಾಕಲೆಂದು ಮಾಡಿದ ದೋಣಿಗೆ ಎರಡೂ ತುದಿ ಚೂಪು. ಎಂಜಿನ್ ಕೂರಬೇಕಾದರೆ ಹಿಂದೆ ಚಪ್ಪಟೆ ಹಲಗೆ ಬೇಕು. ಅದಿಲ್ಲದೆ ಎಂಜಿನ್ ತರುವುದೆಂದರೆ ಜಗಲಿಯಿಲ್ಲದ ಮನೆಗೆ ಮದುಮಗನನ್ನು ಕರೆದ ಹಾಗೆ. ಅಮೆರಿಕದ ಓಲೆ ಎವಿನ್‌ರೂಡ್, ಸರೋವರದಾಚೆಯಿಂದ ಹುಟ್ಟು ಹಾಕಿಕೊಂಡು ತರುವಷ್ಟರಲ್ಲಿ ಹುಡುಗಿಗೆಂದು ಕೊಂಡ ಐಸ್‌ಕ್ರೀಮ್ ಕರಗಿತೆಂದು ಔಟ್‌ಬೋರ್ಡ್ ಎಂಜಿನ್ ಮಾಡಲು ಹೊರಟನೆಂಬ ಕಥೆಯಿದೆ. 1909ರಲ್ಲಿ ಮಾರಾಟಕ್ಕೂ ತಂದ. ಅದನ್ನು ನಮ್ಮ ಮೂತಿಯ ದೋಣಿಗೆ ಎಲ್ಲಿ ಕಟ್ಟಬೇಕೆಂದು ಅವನು ಯೋಚಿಸಿರಲಿಕ್ಕಿಲ್ಲ. ಆಚಾರ್ರು ಕಿರಾಲುಬೋಗಿಯ ದಪ್ಪ ತುಂಡನ್ನು ಹಿಂಬದಿಯ ಮಗ್ಗುಲಿಗೆ ಬೋಲ್ಟು ಹಾಕಿ ಬಿಗಿದು ಎಂಜಿನ್‌ಗೆ ಪೀಠ ಮಾಡಿದರು.

ಅಳಿಯನಿಗೆ 25 ಎಚ್‌ಪಿಯೇ ಬೇಕು. ನಾನು ಲೆಕ್ಕ ಹಾಕಿ ತೋರಿಸಿದೆ. ನೀರು ಸೀಳಿಕೊಂಡು ಹೋಗುವ ಇಂಥ ದೋಣಿಯ ವೇಗ ಅದರ ಉದ್ದದ ವರ್ಗಮೂಲಕ್ಕೆ ಕಟ್ಟುಬಿದ್ದದ್ದು: ನೀರಿನಲ್ಲಿ 25 ಅಡಿ ಇದ್ದರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಅದಕ್ಕಿಂತ ಹೆಚ್ಚು ಒತ್ತಿದರೆ ಹಿಂಬದಿ ಕುಸಿದು, ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲು ಒದ್ದಾಡುತ್ತದೆ. ಎಣ್ಣೆ ಮಾತ್ರ ಖರ್ಚಾಗುತ್ತದೆ. ಅವನಿಗೆ ವರ್ಗಮೂಲ ರುಚಿಸಲಿಲ್ಲ. ಆಚಾರ್ರು ತಲೆಯೆತ್ತದೆ, “ಮಿಷನ್ ತಡ್ಕಂತ್, ಮರ ತಡ್ಕಣ್ಕಲ್ದಾ ಮಾರಾಯಾ?” ಎಂದರು. ಅದು ತಾಗಿತು. ಜೂನ್, ಜುಲೈ ತಿಂಗಳ ನಿಷೇಧದ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ನಾಡದೋಣಿಗೆ 10 ಎಚ್‌ಪಿವರೆಗೆ ಮಾತ್ರ ಅನುಮತಿ ಎಂಬುದೂ ನನ್ನ ಪಾಲಿಗೆ ಬಂತು.

ಹಳೆಯದೊಂದು ಸೀಮೆಎಣ್ಣೆಯ 9.9 ಸಿಕ್ಕಿತು. ಕೊಳ್ಳುವ ಮೊದಲು ಮೆಕ್ಯಾನಿಕ್ ಗೇರ್ ಆಯಿಲ್‌ನ ತಿರುಪು ಬಿಚ್ಚಿ ನಾಲ್ಕು ಹನಿ ಬೆರಳಿಗೆ ಬೀಳಿಸಿಕೊಂಡ. ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಎಂದರ್ಥ. ಇದು ಜೇನಿನ ಬಣ್ಣಕ್ಕಿತ್ತು. ಡ್ರಮ್ಮಿನಲ್ಲಿ ನೀರು ತುಂಬಿಸಿ ಎಂಜಿನ್ ಇಳಿಸಿ ಹಗ್ಗ ಎಳೆದ. ಮೊದಲು ಪೆಟ್ರೋಲಿನಲ್ಲಿ ಹೊತ್ತಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿದರೆ ಸೀಮೆಎಣ್ಣೆಗೆ ಬರುತ್ತದೆ. ಹಿಂದಿನ ಸಣ್ಣ ತೂತಿನಿಂದ ನೀರು ಸರಿಯಾಗಿ ಚಿಮ್ಮಿದ್ದು ಕಂಡ ಮೇಲೆಯೇ ನಾನು ಪರ್ಸು ತೆಗೆದದ್ದು.

ಬಂಗುಡೆ ಬರುತ್ತಿದೆ, ಒಮ್ಮೆ ಬುಟ್ಟಿ ತುಂಬ, ಒಮ್ಮೆ ಸಾರಿಗೆ ಸಾಕಾಗುವಷ್ಟು. ಈಗಿನ ಜಗಳ ಫೈಬರ್‌ನದು. ಹೊರಗೆ ಫೈಬರ್ ಹೊದಿಸಿದರೆ ವರ್ಷವರ್ಷ ಎಣ್ಣೆ ಬಳಿಯುವುದು ತಪ್ಪುತ್ತದೆ ಎಂದು ಅಳಿಯ. ಒಳಗೆ ನೀರು ಸೇರಿದರೆ ಹೊರಗೆ ಬರಲು ದಾರಿಯಿಲ್ಲದೆ ಮರ ಮುಚ್ಚಿದಲ್ಲಿಯೇ ಕೊಳೆಯುತ್ತದೆ ಎಂದು ಆಚಾರ್ರು. ಇಬ್ಬರೂ ನನ್ನ ಮುಖ ನೋಡುತ್ತಾರೆ. ಈ ವರ್ಷಕ್ಕೆ ಗೇರೆಣ್ಣೆ ಎಂದಿದ್ದೇನೆ, ಡಬ್ಬಿಯನ್ನೂ ತಂದಿಟ್ಟಾಗಿದೆ. ಬಳಿಯುವವನು ಮಾತ್ರ ಅಳಿಯನೇ.