ಬೀಳದ್ರೆ ಸಾಕು

"ಅಪ್ಪಚ್ಚಿ, ಹನ್ನೊಂದು ಜೆನಕ್ಕೆ ವೇಷ್ಟಿ ಸುತ್ತುಲೆ ಕಲಿಶೆಕ್ಕು" ಎಂದು ಅಣ್ಣನ ಮಗಳು ಜರ್ಮನಿಯಿಂದ ಫೋನು ಮಾಡಿದಾಗ ನಾನು ಒಪ್ಪಿಬಿಟ್ಟೆ. ಫೋನಿಟ್ಟ ಮೇಲೆ ನೆನಪಾಯಿತು: ನಾನು ಇವತ್ತಿಗೂ ಪಂಚೆಯ ಮೇಲೆ ಬೆಲ್ಟು ಬಿಗಿಯುವವನು.

ಇದಕ್ಕೊಂದು ಕಾರಣವಿದೆ. ಕಾಲೇಜಿನಲ್ಲಿ ಓಣಂ ದಿನ ಹೂವಿನ ರಂಗೋಲಿಯ ಸುತ್ತ ನಿಂತಿದ್ದೆವು. ಬಗ್ಗಿ ಒಂದು ಚೆಂಡುಹೂವು ಹೆಕ್ಕಿ ಎದ್ದೆ, ಪಂಚೆ ನನ್ನ ಜೊತೆ ಏಳಲಿಲ್ಲ. ಒಳಗೆ ಚಡ್ಡಿ ಇತ್ತು, ಮಾನ ಅಷ್ಟರಮಟ್ಟಿಗೆ ಉಳಿಯಿತು. ಅಂದಿನಿಂದ ಅಂಗಿಯನ್ನು ಹೊರಗೆ ಬಿಟ್ಟು ಬೆಲ್ಟು ಮುಚ್ಚಿಕೊಂಡೇ ಬದುಕಿದ್ದೇನೆ. ಇಂಥವನು ಗುರು!

ಅಣ್ಣನ ಮಗಳ ಮದುವೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ನಮ್ಮ ಅಡಿಕೆ ಅಂಗಳದಲ್ಲೇ. ವರನ ಊರು ಟ್ಯೂಬಿಂಗನ್. ಅವರಿಗೆ ರಜೆ ಸಿಗುವುದು ಕ್ರಿಸ್‌ಮಸ್ಸಿಗೆ, ನಮಗೆ ಆಗ ಧನುರ್ಮಾಸ, ಮುಹೂರ್ತವಿಲ್ಲ. ಜನವರಿ ಕೊನೆಗೆ ಇಬ್ಬರೂ ರಾಜಿಯಾದೆವು. ವಿದೇಶದ ಅತಿಥಿಗಳು ಮನೆಯಲ್ಲಿ ಇಳಿದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕೆಂಬ ನಿಯಮವಿದೆ. ಆ ಕೆಲಸ ಅಣ್ಣನ ಪಾಲಿಗೆ ಬಂತು. ವಿಮಾನ, ವೀಸಾ, ಸೊಳ್ಳೆಯ ಮುಲಾಮು ಎಲ್ಲವನ್ನೂ ಮದುಮಗಳೇ ನೋಡಿಕೊಂಡಳು. ನನ್ನ ಪಾಲಿಗೆ ಉಳಿದದ್ದು ಪಂಚೆ ಒಂದೇ.

ಪಾಠ ವೀಡಿಯೊ ಕರೆಯಲ್ಲಿ, ಭಾನುವಾರ ಸಂಜೆ. ಅಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಪಂಚೆ ಇನ್ನೂ ತಲುಪಿರಲಿಲ್ಲವಾದ್ದರಿಂದ ವರನ ಕಡೆಯ ಹನ್ನೊಂದು ಮಂದಿ ಹಾಸಿಗೆಯ ಚಾದರ ಹಿಡಿದು ನಿಂತಿದ್ದರು. ಬೆನ್ನ ಹಿಂದಿನಿಂದ ತಂದು, ಎರಡು ತುದಿ ಸಮ ಮಾಡಿ, ಒಂದನ್ನು ಸೊಂಟಕ್ಕೆ ಒತ್ತಿ, ಇನ್ನೊಂದನ್ನು ಅದರ ಮೇಲೆ ಎಳೆದು ಸಿಕ್ಕಿಸುವುದು. ಹೇಳಲು ಇಷ್ಟೇ. ಆದರೆ ಸಿಕ್ಕಿಸುವಾಗ ಹೊಟ್ಟೆಯನ್ನು ಒಳಗೆಳೆದು, ಆಮೇಲೆ ಬಿಡಬೇಕು. ಪಂಚೆ ನಿಲ್ಲುವುದು ಆ ಬಿಟ್ಟ ಹೊಟ್ಟೆಯ ಬಲದಿಂದ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಪನಯನದ ದಿನ ಅಪ್ಪ ಉಡಿದಾರಕ್ಕೆ ಸಿಕ್ಕಿಸಿ ಬಿಟ್ಟಿದ್ದರು, ಅಷ್ಟೆ. ಕಲಿಸುತ್ತ ಕಲಿಸುತ್ತ ನಾನೇ ಬೆಲ್ಟು ಬಿಚ್ಚಿ ನೋಡಿದೆ. ನಿಂತಿತು.

ಎರಡನೆಯ ಪಾಠ ಎತ್ತಿ ಕಟ್ಟುವುದು. ಮೊಣಕಾಲಿನ ಮೇಲೆ ಮಡಚಿ ಕಟ್ಟಿದರೆ ತೋಟಕ್ಕೂ ಸರಿ, ಬಸ್ಸು ಹತ್ತುವುದಕ್ಕೂ ಸರಿ. ಹಿರಿಯರು ಎದುರಾದರೆ ಮಾತ್ರ ಇಳಿಸಬೇಕು. ಯಾಕೆ ಎಂದು ವರನ ತಮ್ಮ ಕೇಳಿದ. ನನಗೆ ಅಪ್ಪನ ಚಿತ್ರ ಕಣ್ಣೆದುರು ಬಂತು. ಚಾವಡಿಯ ಕಪ್ಪು ಫೋನು ಬಡಿದು, ಆ ಕಡೆ ದೊಡ್ಡಪ್ಪನ ಸ್ವರ ಕೇಳಿದ್ದೇ ತಡ, ಅಪ್ಪ ಎಡಗೈಯಲ್ಲಿ ಪಂಚೆ ಇಳಿಸುತ್ತಿದ್ದರು. ದೊಡ್ಡಪ್ಪ ಇದ್ದದ್ದು ಪುತ್ತೂರಿನಲ್ಲಿ.

ಈ ಪಂಚೆಯನ್ನು ನಾವು ಅನಾದಿಯಿಂದ ಉಟ್ಟವರೆಂಬ ಗತ್ತು ನನಗೇನೂ ಇಲ್ಲ. ಅಜ್ಜ ಸೊಂಟಕ್ಕೊಂದು ಬೈರಾಸು ಸುತ್ತಿ ದಿನ ಕಳೆದವರು. ಅವರ ಬಿಳಿ ವೇಷ್ಟಿ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದದ್ದು ಮದುವೆ, ಉಪನಯನದಂಥ ಜೆಂಬ್ರಗಳಿಗೆ ಮಾತ್ರ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ನಮ್ಮ ಮದುವೆಗಳ ವೇಷ್ಟಿಗೆ ಚಿನ್ನದ ಜರಿಯಂಚು ಸೇರಿದ್ದು ಅದಕ್ಕಿಂತ ಎಷ್ಟೋ ಕಾಲದ ಮೇಲೆ. ಗಡಿ ಬದಲಾದುದಕ್ಕೆ ಈಗಲೂ ಸಂಕಟಪಡುವ ನಮ್ಮವರು ಜರಿಯಂಚಿನ ಬಗ್ಗೆ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ.

ಇನ್ನು ಜರ್ಮನ್ನರಿಗೂ ನಮ್ಮ ಬಟ್ಟೆಗೂ ನಂಟು ಹೊಸದಲ್ಲ. ಬಾಸೆಲ್ ಮಿಷನ್ನಿನವರ ಊರು ಸ್ವಿಟ್ಜರ್ಲೆಂಡಿನ ಬಾಸೆಲ್ ಆದರೂ ಅಲ್ಲಿಂದ ಬಂದ ಪಾದ್ರಿಗಳಲ್ಲಿ ಬಹಳ ಮಂದಿ ವರನ ಸೀಮೆಯಾದ ವ್ಯೂರ್ಟೆಂಬರ್ಗಿನವರು. ಮತಾಂತರವಾದವರು ಜಾತಿಯ ಜೊತೆ ಕಸುಬನ್ನೂ ಕಳಕೊಂಡಾಗ ಮಿಷನ್ನಿನವರು ಅವರಿಗಾಗಿ ಮಂಗಳೂರಿನಲ್ಲಿ, ಕಣ್ಣೂರಿನಲ್ಲಿ ಮಗ್ಗದ ಕಾರ್ಖಾನೆ ಹಾಕಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಮಂಗಳೂರಿನಲ್ಲಿ ಖಾಕಿ ಬಣ್ಣ ಹದಮಾಡಿದ ಎಂಬ ಮಾತು ಪ್ರಸಿದ್ಧ. ಆಮೇಲೆ 1865ರಲ್ಲಿ ಹಂಚಿನ ಕಾರ್ಖಾನೆ. ನಮ್ಮ ಹಟ್ಟಿಯ ಮಾಡಿನಲ್ಲಿ ಆ ಇಸವಿ ಒತ್ತಿದ ಹಂಚು ಇನ್ನೂ ಇದೆ. ವರನ ಅಪ್ಪ ಅದರ ಅಡಿಯಲ್ಲಿ ನಿಂತು ಅಷ್ಟು ಹೊತ್ತು ನೋಡಿದ್ದನ್ನು ಕಂಡು ನಮ್ಮ ಕೆಲಸದವನು ಏಣಿ ತರಲು ಹೊರಟಿದ್ದ. ಅದೇ ಮಿಷನ್ನಿನ ಪಾದ್ರಿ, ಕನ್ನಡ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ಮಲಯಾಳ ನಿಘಂಟಿನ ಗುಂಡರ್ಟರ ಕಾಗದಪತ್ರಗಳು ಇರುವುದೂ ಅಲ್ಲಿನ ವಿಶ್ವವಿದ್ಯಾಲಯದಲ್ಲೇ. ಕನ್ನಡ, ಮಲಯಾಳ ಎಂದು ನಾವು ಇಲ್ಲಿ ಎಳೆದಾಡುವುದನ್ನೆಲ್ಲ ಆ ಊರು ಸದ್ದಿಲ್ಲದೆ ಒಟ್ಟಿಗೆ ಇಟ್ಟುಕೊಂಡಿದೆ.

ಪಂಚೆಗಳನ್ನು ಕಾಸರಗೋಡು ಪೇಟೆಯಲ್ಲಿ ಕೊಂಡೆ. ಹೆಂಗಸರಿಗೆ ಕಾಸರಗೋಡು ಸೀರೆ. ಭೌಗೋಳಿಕ ಸೂಚಿ ಪಡೆದ ಅಪ್ಪಟ ಹತ್ತಿ, ಮಗ್ಗದ್ದು. ನೇಕಾರರ ಸಹಕಾರಿ ಸಂಘ 1938ರದ್ದು, ಈಗಲೂ ನಡೆಯುತ್ತಿದೆ. ಸೀರೆಯ ವಿಷಯದಲ್ಲಿ ತೊಂದರೆಯಾಗಲಿಲ್ಲ. ಪಂಚೆಗೆ ಅಗಲ ಇದ್ದಷ್ಟೇ, ವರನ ಅಪ್ಪನಿಗೆ ಎತ್ತರ ಆರೂಕಾಲು ಅಡಿ. ಉಟ್ಟು ನಿಂತರೆ ಕಣಕಾಲು ಪೂರ್ತಿ ಹೊರಗೆ. "ಗೆದ್ದೆಗೆ ಹೆರಟ ಹಾಂಗೆ ಕಾಣ್ತು" ಎಂದಳು ಅತ್ತಿಗೆ, ನಮ್ಮ ಭಾಷೆಯಲ್ಲಿ. ಅವರು ನಕ್ಕು ತಲೆಯಾಡಿಸಿದರು.

ಮದುವೆಯ ಬೆಳಗ್ಗೆ ಬೆಲ್ಲ ನೀರು ಕುಡಿದು ಹನ್ನೊಂದೂ ಮಂದಿ ಸಾಲಾಗಿ ಚಪ್ಪರಕ್ಕೆ ಬಂದರು. ತೊಂಬತ್ತು ದಾಟಿದ ನಮ್ಮ ಸೋದರಮಾವ ಒಬ್ಬೊಬ್ಬರನ್ನೇ ಸೊಂಟದಿಂದ ಕೆಳಗೆ ನೋಡುತ್ತ ಹೋದರು. "ಎಡತ್ತಿಂಗೆ ಸುತ್ತಿದ್ದವನ್ನೆ!" ಎಂದರು. ನಮ್ಮಲ್ಲಿ ಬಲಕ್ಕೆ, ಬ್ಯಾರಿಗಳಲ್ಲಿ ಎಡಕ್ಕೆ ಎಂಬುದು ಅವರ ಲೆಕ್ಕ. ತಪ್ಪು ನನ್ನದು: ಕ್ಯಾಮೆರಾದಲ್ಲಿ ಎದುರು ನಿಂತ ನನ್ನ ಬಲ ಅವರಿಗೆ ಎಡವಾಗಿತ್ತು. ಹನ್ನೊಂದು ಸೊಂಟಗಳನ್ನು ಮುಹೂರ್ತಕ್ಕೆ ಮೊದಲು ತಿರುಗಿಸುವುದು ಹೇಗೆಂದು ನಾನು ಬೆವರುತ್ತಿದ್ದೆ. ಮಾವ ಅಡಿಕೆಹೋಳು ಬಾಯಿಗೆ ಹಾಕಿಕೊಂಡು, "ಇರಳಿ, ಬೀಳದ್ರೆ ಸಾಕು" ಎಂದರು.

ಬೀಳಲಿಲ್ಲ. ಊಟಕ್ಕೆ ನೆಲದ ಪಂಕ್ತಿಯಲ್ಲಿ ಕುಳಿತದ್ದೂ ಆಯಿತು, ಉಣ್ಣುತ್ತ ಹೇಳುವ ಶ್ಲೋಕಕ್ಕೆ, ಅಂದರೆ ಚೂರ್ಣಿಕೆಗೆ, ಎಲ್ಲರ ಜೊತೆ ಕೂಗಿದ್ದೂ ಆಯಿತು. ಏಳುವಾಗ ಮಾತ್ರ ಇಬ್ಬರಿಗೆ ಕೈ ಕೊಡಬೇಕಾಯಿತು, ಅದು ಪಂಚೆಯ ತಪ್ಪಲ್ಲ, ಮೊಣಕಾಲಿನದು.

ಮೊನ್ನೆ ಅಣ್ಣನ ಮಗಳು ಫೋಟೋ ಕಳಿಸಿದ್ದಳು. ಟ್ಯೂಬಿಂಗನ್ನಿನ ಮನೆಯಲ್ಲಿ ವರನ ಅಪ್ಪನ ಪಂಚೆ ಊಟದ ಮೇಜಿನ ಮೇಲೆ ಹಾಸಿದೆ. ಉದ್ದ, ಅಗಲ ಎರಡೂ ಸರಿಯಾಗಿದೆ.